ಗಾಯಗೊಂಡ ದೊಡ್ಡ ಹಕ್ಕಿ ಮನೆಗೆ ಬಂದಾಗ: ಮೊದಲ ಕೆಲವು ಗಂಟೆಗಳು

ಮೇಜಿನ ಮೇಲೆ ನಾಲ್ಕು ವಸ್ತುಗಳನ್ನು ಇಟ್ಟಿದ್ದೇವೆ. ಒಂದು ರಟ್ಟಿನ ಪೆಟ್ಟಿಗೆ, ಒಂದು ಹಳೆಯ ಬೆಡ್‌ಶೀಟ್, ಒಂದು ಜೊತೆ ದಪ್ಪ ಚರ್ಮದ ಗ್ಲೌಸ್, ಒಂದು ಅಗಲದ ಟೇಪ್. ಗಾಯಗೊಂಡ ದೊಡ್ಡ ಕಾಡುಹಕ್ಕಿಗೆ ಮನೆಯಲ್ಲಿ ಬೇಕಾಗುವ ಸಾಮಾನು ಹೆಚ್ಚುಕಡಿಮೆ ಇಷ್ಟೇ. ಔಷಧದ ಡಬ್ಬಿ, ಸಿರಿಂಜ್, ಮಾಂಸದ ತುಂಡು ಇವ್ಯಾವುವೂ ಇಲ್ಲಿಲ್ಲ. ಮರೆತು ಬಂದಿದ್ದೇವೆ ಅಂದುಕೊಳ್ಳಬೇಡಿ, ಬೇಕೆಂದೇ ತಂದಿಲ್ಲ. ಯಾಕೆ ಎಂದು ಹೇಳುವುದೇ ಈ ಹೊತ್ತಿನ ಮಾತಿನ ಅರ್ಧ ಭಾಗ.

ದೊಡ್ಡ ಹಕ್ಕಿ ಅಂದರೆ ಹದ್ದು, ಗಿಡುಗ, ಗೂಬೆ, ರಣಹದ್ದು, ಕೊಕ್ಕರೆ, ಬಕ, ನೀರುಕಾಗೆ, ಹೆಜ್ಜಾರ್ಲೆ (ಪೆಲಿಕನ್), ನವಿಲು, ಕಾಡುಬಾತು, ಇಂಥವು. ಸಣ್ಣ ಹಕ್ಕಿಗೂ ದೊಡ್ಡ ಹಕ್ಕಿಗೂ ದೇಹದೊಳಗಿನ ಯಂತ್ರ ಒಂದೇ. ಆದರೆ ದೊಡ್ಡದು ನಿಮ್ಮ ಕೈಯನ್ನೋ ಕಣ್ಣನ್ನೋ ಹಾಳು ಮಾಡಬಲ್ಲದು. ಅದಕ್ಕೆ ಜಾಗ ಬೇಕು, ಉದ್ದನೆಯ ಗರಿಗಳು ಮುರಿಯದಂತೆ ನೋಡಿಕೊಳ್ಳಬೇಕು. ಇನ್ನೊಂದು ಮಾತು: ಕಣ್ಣಿಗೆ ಕಂಡಷ್ಟು ದೊಡ್ಡದು ಅದು ಇರುವುದಿಲ್ಲ. ಆಕಾಶದಲ್ಲಿ ಗಂಭೀರವಾಗಿ ಸುತ್ತುವ ಕಪ್ಪು ಹದ್ದಿನ ತೂಕ ಸಾಮಾನ್ಯವಾಗಿ ಒಂದು ಕಿಲೋಗಿಂತ ಕಡಿಮೆ. ಹಕ್ಕಿಯ ದೇಹದಲ್ಲಿ ರಕ್ತ ಇರುವುದು ತೂಕದ ಶೇ. 6ರಿಂದ 10ರಷ್ಟು. ಅಂದರೆ ಅಷ್ಟು ದೊಡ್ಡ ಹದ್ದಿನಲ್ಲಿ ಒಂದು ಸಣ್ಣ ಲೋಟದಷ್ಟು ರಕ್ತವೂ ಇಲ್ಲ. ನೆಲದ ಮೇಲೆ ಬಿದ್ದ ನಾಲ್ಕು ಹನಿ ನಮಗೆ ನಾಲ್ಕು ಹನಿ, ಅದಕ್ಕೆ ದೊಡ್ಡ ನಷ್ಟ.

ಮೊದಲು ಕೇಳಿಕೊಳ್ಳಬೇಕಾದದ್ದು, ಅದನ್ನು ಹಿಡಿಯಲೇಬೇಕೇ ಎಂದು. ನೆಲದ ಮೇಲಿರುವ ಹಕ್ಕಿಯೆಲ್ಲ ಗಾಯಗೊಂಡದ್ದಲ್ಲ. ಗಿಡುಗ ಬೇಟೆಯನ್ನು ಕಾಲಡಿ ಒತ್ತಿಕೊಂಡು ಎರಡೂ ರೆಕ್ಕೆಯನ್ನು ಕೊಡೆಯಂತೆ ಬಿಚ್ಚಿ ಮುಚ್ಚಿಕೊಳ್ಳುತ್ತದೆ. ದೂರದಿಂದ ನೋಡಿದವರಿಗೆ ರೆಕ್ಕೆ ಮುರಿದಂತೆ ಕಾಣುತ್ತದೆ. ನೀರುಕಾಗೆ ರೆಕ್ಕೆ ಚಾಚಿ ಬಹಳ ಹೊತ್ತು ಒಣಗಿಸಿಕೊಳ್ಳುತ್ತದೆ. ಹೊಟ್ಟೆ ಬಿರಿಯೆ ತಿಂದ ರಣಹದ್ದು ಕೆಲಹೊತ್ತು ಮೇಲೇಳಲಾರದು. ಗೂಬೆಮರಿಗಳು ಹಾರಲು ಕಲಿಯುವ ಮೊದಲೇ ಗೂಡಿನಿಂದ ಕೊಂಬೆಗೆ, ಕೊಂಬೆಯಿಂದ ನೆಲಕ್ಕೆ ಇಳಿದು, ಮತ್ತೆ ಕಾಂಡ ಹಿಡಿದು ಹತ್ತುತ್ತವೆ. ತಾಯಿ ಹತ್ತಿರದಲ್ಲೇ ಇರುತ್ತದೆ, ರಾತ್ರಿ ಬಂದು ಉಣಿಸುತ್ತದೆ. ಇಂಥ ಮರಿಯನ್ನು ಮನೆಗೆ ತಂದರೆ ಅದು ರಕ್ಷಣೆ ಹೆಸರಿನ ಅಪಹರಣ. ನಾಯಿ, ಬೆಕ್ಕು ಬರುವ ಜಾಗವಾದರೆ ಪಕ್ಕದ ಗಟ್ಟಿ ಕೊಂಬೆಯ ಮೇಲೆ ಕೂರಿಸಿ ದೂರ ಸರಿಯಿರಿ.

ಹಾಗಾದರೆ ಯಾವುದನ್ನು ಹಿಡಿಯಬೇಕು? ಒಂದು ರೆಕ್ಕೆ ಇನ್ನೊಂದಕ್ಕಿಂತ ಕೆಳಗೆ ಜೋತುಬಿದ್ದಿದ್ದರೆ, ರಕ್ತ ಕಂಡರೆ, ಕಾಲ್ಬೆರಳು ಮಡಚಿಕೊಂಡು ಪಾದದ ಮೇಲಿನ ಗೆಣ್ಣಿನ ಮೇಲೆ ಕುಳಿತಿದ್ದರೆ, ಕಣ್ಣು ಅರೆಮುಚ್ಚಿ, ಮೈಗರಿ ಉಬ್ಬಿಸಿಕೊಂಡು, ನೀವು ಹತ್ತು ಹೆಜ್ಜೆ ಹತ್ತಿರ ಬಂದರೂ ಅಲ್ಲಾಡದಿದ್ದರೆ, ಮೈಮೇಲೆ ನೊಣಗಳು ಕುಳಿತಿದ್ದರೆ. ಕಾಡುಹಕ್ಕಿ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತದೆ, ಇಲ್ಲದಿದ್ದರೆ ಬೇಟೆಗಾರನ ಕಣ್ಣಿಗೆ ಮೊದಲು ಬೀಳುವುದು ಅದೇ. ಆದ್ದರಿಂದ 'ಪಾಪ, ಎಷ್ಟು ಸಾಧು, ಕೈಗೆ ಬಂತು' ಎನ್ನುವ ಹದ್ದು ಬಹಳ ಕೆಟ್ಟ ಸ್ಥಿತಿಯಲ್ಲಿದೆ ಎಂದೇ ತಿಳಿಯಿರಿ.

ಮುಟ್ಟಲೇಬಾರದ ಸಂದರ್ಭವೂ ಒಂದಿದೆ. ಕತ್ತು ತಿರುಚಿಕೊಂಡಿದೆ, ತಲೆ ನಡುಗುತ್ತಿದೆ, ಗಿರಗಿರನೆ ಸುತ್ತುತ್ತಿದೆ, ಮೈಮೇಲೆ ಗಾಯವಿಲ್ಲ, ಸುತ್ತಲೂ ಇನ್ನೆರಡು ಮೂರು ಹಕ್ಕಿ ಸತ್ತುಬಿದ್ದಿವೆ. ಇದು ಹಕ್ಕಿಜ್ವರ ಇರಬಹುದು, ವಿಷವೂ ಇರಬಹುದು. ನೋಡಿ ಹೇಳಲು ಆಗುವುದಿಲ್ಲ. ಎಚ್5ಎನ್1 ವೈರಸ್ ಬಾತು, ಹದ್ದು, ಹೆಜ್ಜಾರ್ಲೆ ಎಲ್ಲವನ್ನೂ ಹಿಡಿಯುತ್ತದೆ, ಅಪರೂಪಕ್ಕೆ ಮನುಷ್ಯರನ್ನೂ. ಮುಟ್ಟದೆ, ಮಕ್ಕಳನ್ನೂ ನಾಯಿಯನ್ನೂ ದೂರವಿಟ್ಟು, ವನ್ಯಜೀವಿ ಇಲಾಖೆಗೋ ಪಶುವೈದ್ಯ ಇಲಾಖೆಗೋ ತಿಳಿಸಿ.

ಇನ್ನು ಫೋನ್. ಹಿಡಿಯುವ ಮೊದಲೇ ಮಾಡಿ, ಹಿಡಿದ ಮೇಲಲ್ಲ. ವನ್ಯಜೀವಿ ಪುನರ್ವಸತಿ ಕೇಂದ್ರ, ಹಕ್ಕಿ ನೋಡುವ ಪಶುವೈದ್ಯರು, ವನ್ಯಜೀವಿ ಇಲಾಖೆ, ಈ ಮೂರರಲ್ಲಿ ಯಾರು ಸಿಕ್ಕರೂ ಸರಿ. ಎಷ್ಟೋ ಸಲ ಅವರೇ ಬಂದು ಹಿಡಿಯುತ್ತಾರೆ, ನಿಮ್ಮ ಕೆಲಸ ಕಾವಲು ಕಾಯುವುದಷ್ಟೇ ಆಗುತ್ತದೆ. ಬಹಳಷ್ಟು ದೇಶಗಳಲ್ಲಿ ಕಾಡುಹಕ್ಕಿಯನ್ನು ಅನುಮತಿ ಇಲ್ಲದೆ ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಚಿಕಿತ್ಸೆಗೆ ಒಯ್ಯುವವರೆಗಿನ ಅವಧಿಯನ್ನು ಯಾರೂ ಅಪರಾಧವೆಂದು ಎಣಿಸಲಿಕ್ಕಿಲ್ಲ, ಆದರೆ ಮೊದಲೇ ಫೋನ್ ಮಾಡಿದ್ದರೆ ನಿಮ್ಮ ಉದ್ದೇಶಕ್ಕೆ ಸಾಕ್ಷಿ ಇರುತ್ತದೆ.

ಹಿಡಿಯುವುದಕ್ಕೆ ಬರೋಣ. ಯಾವ ಹಕ್ಕಿಯ ಆಯುಧ ಯಾವುದು ಎಂದು ಗೊತ್ತಿರಬೇಕು. ಹದ್ದು, ಗಿಡುಗ, ಗೂಬೆಗಳ ಕೊಕ್ಕು ನೋಡಿ ಎಲ್ಲರೂ ಹೆದರುತ್ತಾರೆ. ಅಪಾಯ ಇರುವುದು ಕಾಲಿನಲ್ಲಿ. ಕೊಕ್ಕಿನಿಂದ ತಪ್ಪಿಸಿಕೊಳ್ಳಲು ಹೋಗಿ ಉಗುರಿಗೆ ಕೈ ಕೊಡುವುದು ಇಲ್ಲಿ ಮಾಮೂಲಿ ತಪ್ಪು. ಕೊಕ್ಕರೆ, ಬಕ, ಹಾವಕ್ಕಿಗಳು ನೇರ ಕಣ್ಣಿಗೇ ಗುರಿಯಿಡುತ್ತವೆ. ಬಕ ಕತ್ತನ್ನು ಮಡಚಿ ಎದೆಯೊಳಗೆ ಎಳೆದುಕೊಂಡಾಗ ಅದು ನಿಮ್ಮನ್ನು ಮುಟ್ಟಲಾರದು ಅನ್ನಿಸುತ್ತದೆ. ಆ ಮಡಿಕೆ ಸ್ಪ್ರಿಂಗ್ ಇದ್ದಂತೆ, ಕಣ್ಣು ಮಿಟುಕಿಸುವುದರೊಳಗೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಕನ್ನಡಕವೋ ಹೆಲ್ಮೆಟ್ಟಿನ ಗಾಜೋ ಇಲ್ಲದೆ ಈ ಹಕ್ಕಿಗಳ ಹತ್ತಿರ ಹೋಗಬೇಡಿ, ಅವು ಸಾಯುವ ಸ್ಥಿತಿಯಲ್ಲಿ ಕಂಡರೂ ಸಹ. ನವಿಲು ಕಾಲಿನ ಮುಳ್ಳಿನಿಂದ ಒದೆಯುತ್ತದೆ. ದೊಡ್ಡ ಬಾತುಗಳು ರೆಕ್ಕೆಯ ಗೆಣ್ಣಿನಿಂದ ಬಡಿಯುತ್ತವೆ. ರಣಹದ್ದಿನ ಕಾಲಿಗೆ ಹಿಡಿತವಿಲ್ಲ, ಕೊಕ್ಕು ಮಾತ್ರ ಚರ್ಮ ಸೀಳುವಂಥದ್ದು. ಜೊತೆಗೆ ಹೆದರಿದಾಗ ವಾಂತಿ ಮಾಡುತ್ತದೆ. ವಾಸನೆ ಸಹಿಸಬಹುದು. ಆದರೆ ಅದರ ತಲೆಯನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ್ದರೆ ಆ ವಾಂತಿ ಅದರ ಶ್ವಾಸನಾಳಕ್ಕೇ ಇಳಿಯುತ್ತದೆ.

ಇಬ್ಬರಿದ್ದರೆ ಒಳ್ಳೆಯದು. ಪೆಟ್ಟಿಗೆ ಮೊದಲೇ ಸಿದ್ಧವಾಗಿ, ಬಾಯಿ ತೆರೆದು, ಕೈಗೆ ಸಿಗುವಷ್ಟು ಹತ್ತಿರದಲ್ಲಿರಲಿ. ಒಬ್ಬರು ಮುಂದೆ ದೂರದಲ್ಲಿ ನಿಂತು ಹಕ್ಕಿಯ ಗಮನ ಸೆಳೆಯಲಿ, ಇನ್ನೊಬ್ಬರು ಹಿಂದಿನಿಂದ ಬಾಗಿ ಬರಲಿ. ಗೋಡೆಯ ಮೂಲೆಗೋ ಪೊದೆಗೋ ನಿಧಾನ ಸರಿಸಿ, ಬೆಡ್‌ಶೀಟನ್ನು ತಲೆ ಸಮೇತ ಇಡೀ ಮೈಮೇಲೆ ಬೀಳುವಂತೆ ಹಾಕಿ. ಕಣ್ಣಿಗೆ ಕತ್ತಲಾದ ಕೂಡಲೇ ಮುಕ್ಕಾಲು ಪಾಲು ಹೋರಾಟ ನಿಲ್ಲುತ್ತದೆ. ಆಗ ಬಟ್ಟೆಯ ಮೇಲಿನಿಂದಲೇ ಎರಡೂ ಕೈಯಲ್ಲಿ ಭುಜದ ಹತ್ತಿರ ರೆಕ್ಕೆಗಳನ್ನು ಮೈಗೆ ಸೇರಿಸಿ ಹಿಡಿಯಿರಿ. ಬೇಟೆ ಹಕ್ಕಿಯಾದರೆ ತಕ್ಷಣ ಕೈ ಕೆಳಗೆ ಜಾರಿಸಿ ಎರಡೂ ಕಾಲನ್ನು ತೊಡೆಯ ಬುಡದಲ್ಲಿ, ಕಾಲುಗಳ ನಡುವೆ ಒಂದು ಬೆರಳು ಇಟ್ಟು, ಹಿಡಿದುಕೊಳ್ಳಬೇಕು. ಬಕ, ಕೊಕ್ಕರೆಗೆ ಮೊದಲು ಹಿಡಿಯುವುದು ತಲೆಯ ಹಿಂದಿನ ಕತ್ತು, ಮೃದುವಾಗಿ, ಆದರೆ ಬಿಡದಂತೆ. ಉದ್ದ ಕೊಕ್ಕಿಗೆ ಟೇಪ್ ಸುತ್ತುವ ಆಸೆ ಬೇಡ. ಹೆಜ್ಜಾರ್ಲೆ, ನೀರುಕಾಗೆಗಳಿಗೆ ಹೊರಕ್ಕೆ ತೆರೆದ ಮೂಗಿನ ಹೊಳ್ಳೆಗಳೇ ಇಲ್ಲ, ಅವು ಬಾಯಿಂದಲೇ ಉಸಿರಾಡುತ್ತವೆ. ಕೊಕ್ಕು ಮುಚ್ಚಿ ಕಟ್ಟಿದರೆ ಉಸಿರು ನಿಂತಂತೆ. ಹೆಜ್ಜಾರ್ಲೆಯ ಕೊಕ್ಕು ಹಿಡಿದವರು ನಡುವೆ ಒಂದು ಬೆರಳು ಇಟ್ಟುಕೊಂಡೇ ಹಿಡಿಯಬೇಕು.

ಅಟ್ಟಿಸಿಕೊಂಡು ಓಡಬೇಡಿ. ನಾಲ್ಕೈದು ನಿಮಿಷದಲ್ಲಿ ಸಿಗದಿದ್ದರೆ, ಅಥವಾ ಹಕ್ಕಿ ಬಾಯಿ ತೆರೆದು ಏದುಸಿರು ಬಿಡತೊಡಗಿದರೆ, ನಿಲ್ಲಿಸಿ. ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಹಗಲು ಹಾರುವ ಹಕ್ಕಿಗಳನ್ನು ಕತ್ತಲಾದ ಮೇಲೆ ಹಿಡಿಯುವುದು ಹೆಚ್ಚು ಸುಲಭ.

ಹಿಡಿದವರು ಮಾಡುವ ಅತಿ ದೊಡ್ಡ ತಪ್ಪು ಎದೆ ಅದುಮುವುದು. ನಮಗಿರುವಂತೆ ಹಕ್ಕಿಗೆ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇದ್ದು ಉಸಿರೆಳೆಯುವ ಸ್ನಾಯು, ಇಲ್ಲ. ಎದೆಮೂಳೆ ಮುಂದಕ್ಕೂ ಹಿಂದಕ್ಕೂ ಚಲಿಸಿದರಷ್ಟೇ ಶ್ವಾಸಕೋಶಕ್ಕೆ ಕೂಡಿಕೊಂಡ ಗಾಳಿಚೀಲಗಳಿಗೆ ಗಾಳಿ ಹೋಗಿಬರುತ್ತದೆ. ಮೂಗು ಬಾಯಿ ತೆರೆದೇ ಇದ್ದರೂ, ಎದೆಯನ್ನು ಬಿಗಿಯಾಗಿ ಅಪ್ಪಿ ಹಿಡಿದರೆ ಹಕ್ಕಿ ಉಸಿರುಕಟ್ಟಿ ಸಾಯುತ್ತದೆ. ಅದು ಒದ್ದಾಡುತ್ತದೆಂದು ಇನ್ನೂ ಬಿಗಿ ಮಾಡುತ್ತೇವೆ, ಒದ್ದಾಟ ನಿಲ್ಲುತ್ತದೆ, ಶಾಂತವಾಯಿತು ಅಂದುಕೊಳ್ಳುತ್ತೇವೆ. ಹಿಡಿತ ರೆಕ್ಕೆ ಮತ್ತು ಕಾಲಿನ ಮೇಲಿರಲಿ, ಎದೆಯ ಮುಂಭಾಗ ಬಿಡುವಾಗಿರಲಿ.

ಉಗುರು ಕೈಗೆ ಹೊಕ್ಕರೆ ಎಳೆಯಬೇಡಿ. ಎಳೆದಷ್ಟೂ ಹಕ್ಕಿ ಬಿಗಿ ಹಿಡಿಯುತ್ತದೆ, ಅದರ ಬೆರಳಿನ ಸ್ನಾಯುರಜ್ಜುಗಳಲ್ಲಿ ಬೀಗ ಬಿದ್ದಂತೆ ಕಚ್ಚಿಕೊಳ್ಳುವ ವ್ಯವಸ್ಥೆಯೇ ಇದೆ. ಅಲ್ಲಾಡದೆ ನಿಂತು, ಜೊತೆಯವರಿಂದ ಹಕ್ಕಿಯ ಕಾಲನ್ನು ನೇರ ಮಾಡಿಸಿ. ಕಾಲು ಮಡಚಿದಾಗ ಬೆರಳು ಮುಚ್ಚುತ್ತದೆ, ನೇರವಾದಾಗ ಸಡಿಲಾಗುತ್ತದೆ. ಆಮೇಲೆ ಹಿಂದಿನ ಬೆರಳಿನ ಉಗುರನ್ನು ಮೊದಲು, ಮುಂದಿನವನ್ನು ನಂತರ, ಒಂದೊಂದಾಗಿ ಬಿಡಿಸಬೇಕು. ಒಬ್ಬರೇ ಇದ್ದರೆ ಹಕ್ಕಿಯನ್ನು ನೆಲಕ್ಕಿಳಿಸಿ ಮುಖ ಮುಚ್ಚಿ ಸುಮ್ಮನಿರಿ, ಬಹಳ ಸಲ ಅದೇ ಬಿಡುತ್ತದೆ. ಉಗುರಿನ ಗಾಯ ಹೊರಗೆ ಚುಕ್ಕಿಯಷ್ಟು, ಒಳಗೆ ಆಳ. ಸೋಪಿನಲ್ಲಿ ಚೆನ್ನಾಗಿ ತೊಳೆದು ವೈದ್ಯರಿಗೆ ತೋರಿಸಿ, ಧನುರ್ವಾಯು ಚುಚ್ಚುಮದ್ದಿನ ವಿಚಾರ ಅವರು ನೋಡಿಕೊಳ್ಳುತ್ತಾರೆ.

ಈಗ ಪೆಟ್ಟಿಗೆ. ತಂತಿಯ ಪಂಜರ ಬೇಡ, ಎಷ್ಟೇ ದೊಡ್ಡದಿದ್ದರೂ. ಹೊರಗೆ ಕಾಣುವವರೆಗೂ ಹಕ್ಕಿ ತಂತಿಗೆ ಬಡಿದುಕೊಳ್ಳುತ್ತದೆ; ಕೊಕ್ಕಿನ ಬುಡ ಕಿತ್ತು ರಕ್ತವಾಗುತ್ತದೆ, ರೆಕ್ಕೆಯ ಹಾರುಗರಿ ಮತ್ತು ಬಾಲದ ಗರಿ ಮುರಿಯುತ್ತವೆ. ಮುರಿದ ಗರಿ ಉಗುರಿನಂತೆ ಬೆಳೆಯುವುದಿಲ್ಲ. ಬುಡದ ತುಂಡು ಉದುರಿ, ಅಲ್ಲಿ ಹೊಸದು ಹುಟ್ಟುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ಮೂಳೆ ಕೂಡಿದರೂ ಗರಿ ಇಲ್ಲದ್ದಕ್ಕೆ ಬಿಡುಗಡೆ ಮುಂದಕ್ಕೆ ಹೋಗುವ ಹಕ್ಕಿಗಳಿವೆ. ಅದಕ್ಕೇ ರಟ್ಟು: ಮೆತ್ತಗಿರುತ್ತದೆ, ಕತ್ತಲಿರುತ್ತದೆ, ಆಮೇಲೆ ಎಸೆಯಬಹುದು. ನಾಯಿ ಸಾಗಿಸುವ ಪ್ಲಾಸ್ಟಿಕ್ ಪೆಟ್ಟಿಗೆಯೂ ಆದೀತು, ಬಾಗಿಲಿಗೆ ಬಟ್ಟೆ ಇಳಿಬಿಟ್ಟರೆ.

ಅಳತೆ ಹೀಗಿರಲಿ. ಹಕ್ಕಿ ನಿಲ್ಲಬಲ್ಲದು, ತಿರುಗಬಲ್ಲದು, ರೆಕ್ಕೆ ಬಿಚ್ಚಲಾರದು. ತೀರ ದೊಡ್ಡ ಪೆಟ್ಟಿಗೆಯಲ್ಲಿ ಅದು ರೆಕ್ಕೆ ಬಡಿದು ಮುರಿದ ಮೂಳೆಯನ್ನು ಚರ್ಮದಿಂದ ಹೊರಗೆ ತಂದುಕೊಳ್ಳುತ್ತದೆ. ಹೆಬ್ಬೆರಳು ಗಾತ್ರದ ಎಂಟು ಹತ್ತು ತೂತುಗಳನ್ನು ಹಕ್ಕಿಯನ್ನು ಒಳಗಿಡುವ ಮೊದಲೇ ಮಾಡಿ, ಅದೂ ಕೆಳಗಿನ ಅರ್ಧದಲ್ಲಿ. ಮೇಲೆ ತೂತಿದ್ದರೆ ಬೆಳಕು ನೇರ ಕಣ್ಣಿಗೆ ಬೀಳುತ್ತದೆ, ಹಕ್ಕಿ ಅತ್ತ ಜಿಗಿಯುತ್ತದೆ. ನೆಲಕ್ಕೆ ಬರೀ ಪತ್ರಿಕೆ ಹಾಸಿದರೆ ಕಾಲು ಜಾರಿ ಅಗಲವಾಗುತ್ತದೆ. ಪತ್ರಿಕೆಯ ಮೇಲೆ ಹಳೆಯ ಹತ್ತಿ ಬಟ್ಟೆ ಹಾಸಿ. ಟರ್ಕಿ ಟವೆಲ್ ಬೇಡ, ಅದರ ನೂಲಿನ ಕುಣಿಕೆಗೆ ಉಗುರು ಸಿಕ್ಕಿಕೊಳ್ಳುತ್ತದೆ. ಒಣಹುಲ್ಲೂ ಬೇಡ. ಹುಲ್ಲಿನ ಬೂಷ್ಟಿನಲ್ಲಿರುವ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಬಳಲಿದ ಹಕ್ಕಿಯ ಗಾಳಿಚೀಲದಲ್ಲಿ ಬೇರೂರಿದರೆ ಮೂಳೆಮುರಿತಕ್ಕಿಂತ ಕಷ್ಟದ ಕಾಯಿಲೆ. ನಿಲ್ಲಲಾರದ ಹಕ್ಕಿಗೆ ಬಟ್ಟೆಯನ್ನು ಸಿಂಬೆಯಂತೆ ಸುತ್ತಿ, ಅದರ ನಡುವೆ ಎದೆ ಕೆಳಗಾಗಿ ಕೂರಿಸಿ. ಬೆನ್ನಡಿಯಾಗಿ ಮಲಗಿಸಬೇಡಿ, ಮಗ್ಗುಲಿಗೂ ಬೇಡ. ಎರಡು ಹಕ್ಕಿ ಸಿಕ್ಕರೆ ಎರಡು ಪೆಟ್ಟಿಗೆ.

ಉದ್ದ ಕಾಲಿನ ಹಕ್ಕಿಗಳ ಬಗ್ಗೆ ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಅವುಗಳ ಕತೆ ಬೇರೆ. ಕ್ರೌಂಚ, ರಾಜಹಂಸದಂಥ ಹಕ್ಕಿಗಳನ್ನು ಓಡಿಸಿ ಹಿಡಿದು, ಕಾಲು ಮಡಚಿ ಬಹಳ ಹೊತ್ತು ಇಟ್ಟರೆ, ಕಾಲಿನ ಸ್ನಾಯುಗಳು ಅತಿಶ್ರಮ ಮತ್ತು ಭಯದಿಂದಲೇ ಕೊಳೆಯಲು ಶುರುವಾಗುತ್ತವೆ. ಹಿಡಿದ ದಿನ ಚೆನ್ನಾಗೇ ಇದ್ದ ಹಕ್ಕಿ ಮರುದಿನ ಏಳಲಾರದು. ಬಹುಪಾಲು ಮತ್ತೆ ಏಳುವುದೇ ಇಲ್ಲ. ಮೂಲ ಗಾಯ ಎಷ್ಟೇ ಚಿಕ್ಕದಿರಲಿ, ಇದು ಕೊಲ್ಲುತ್ತದೆ. ಆದ್ದರಿಂದ ಇವನ್ನು ಹಿಡಿಯುವುದು ಬೇಗ ಮುಗಿಯಬೇಕು, ಪೆಟ್ಟಿಗೆ ನಿಲ್ಲುವಷ್ಟು ಎತ್ತರದ್ದಾಗಿರಬೇಕು. ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆ ಸಿಕ್ಕರೆ ಅದೇ ಸರಿ. ಸಿಗದಿದ್ದರೆ ಸಣ್ಣ ಸ್ನಾನದ ಮನೆಯ ಕಿಟಕಿ ಮುಚ್ಚಿ, ಕನ್ನಡಿಗೆ ಬಟ್ಟೆ ಹಾಕಿ, ಜಾರದಂತೆ ಹಾಸಿ, ಅಲ್ಲೇ ನಿಲ್ಲಿಸಿ ಬಾಗಿಲು ಹಾಕುವುದು ಮೇಲು.

ಪೆಟ್ಟಿಗೆ ಮುಚ್ಚಿ ಟೇಪ್ ಹಾಕಿದ ಮೇಲೆ ನಿಮ್ಮ ಚಿಕಿತ್ಸೆ ಬಹುಮಟ್ಟಿಗೆ ಮುಗಿಯಿತು. ಕತ್ತಲೆ, ಮೌನ, ಅಲುಗಾಟವಿಲ್ಲದ ಜಾಗ. ಇಣುಕಬೇಡಿ, ಫೋಟೊ ಬೇಡ, ತಲೆ ಸವರುವುದಂತೂ ಬೇಡವೇ ಬೇಡ. ಸವರಿದಾಗ ಅದು ಕಣ್ಣು ಮುಚ್ಚಿಕೊಳ್ಳುವುದು ನೆಮ್ಮದಿಯಿಂದ ಅಂದುಕೊಳ್ಳುತ್ತೇವೆ. ಅದರ ಪಾಲಿಗೆ ನೀವು ತಿನ್ನಲು ಬಂದ ಪ್ರಾಣಿ, ಹೆದರಿ ಕಲ್ಲಾಗಿ ಕೂತಿದೆ. ಅಡುಗೆಮನೆ, ಟಿವಿ, ನಾಯಿ, ಮಕ್ಕಳು ಇವುಗಳಿಂದ ದೂರದ ಕೋಣೆ ಆರಿಸಿ.

ಬಿಸಿಯ ವಿಷಯದಲ್ಲಿ ಸ್ವಲ್ಪ ವಿವೇಚನೆ ಬೇಕು. ಹಕ್ಕಿಯ ಸಹಜ ಮೈಬಿಸಿ 40ರಿಂದ 42 ಡಿಗ್ರಿ ಸೆಲ್ಸಿಯಸ್. ನಮ್ಮ ಕೈಗೆ ಜ್ವರ ಬಂದಂತೆ ತಾಗುವುದು ಅದರ ಮಾಮೂಲಿ ಸ್ಥಿತಿ. ಆಘಾತಕ್ಕೊಳಗಾಗಿ, ನೆನೆದು, ಬಡಕಲಾಗಿ ನಡುಗುವ ಹಕ್ಕಿಗೆ ಪೆಟ್ಟಿಗೆಯೊಳಗೆ 27ರಿಂದ 30 ಡಿಗ್ರಿ ಇದ್ದರೆ ಹಿತ. ಬಿಸಿನೀರು ತುಂಬಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಒಂದೇ ಬದಿಗೆ ಇಡಿ, ಬೇಡವಾದರೆ ಹಕ್ಕಿ ಇನ್ನೊಂದು ಬದಿಗೆ ಸರಿಯುವಂತಿರಲಿ. ಬಾಟಲಿ ತಣ್ಣಗಾದ ಮೇಲೆ ಅಲ್ಲೇ ಬಿಟ್ಟರೆ ಅದೇ ಹಕ್ಕಿಯ ಬಿಸಿಯನ್ನು ಹೀರುತ್ತದೆ, ಬದಲಿಸಬೇಕು. ಗಾಜಿಗೋ ವಾಹನಕ್ಕೋ ತಲೆ ಬಡಿದ ಹಕ್ಕಿಗೆ ಮಾತ್ರ ಬಿಸಿ ಕೊಡಬೇಡಿ, ತಲೆಯೊಳಗಿನ ಊತ ಹೆಚ್ಚಬಹುದು. ಯಾವ ಹಕ್ಕಿಯೇ ಆಗಲಿ, ಬಾಯಿ ತೆರೆದು ರೆಕ್ಕೆಯನ್ನು ಮೈಯಿಂದ ದೂರ ಹಿಡಿದಿದ್ದರೆ ಅದಕ್ಕೆ ಸೆಕೆ.

ಇನ್ನು ಮೇಜಿನ ಮೇಲೆ ಇಲ್ಲದ ವಸ್ತುಗಳ ಕಡೆ ಬರುತ್ತೇವೆ. ನೀರು ಕುಡಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಚಾರ. ಹಕ್ಕಿಯ ಶ್ವಾಸನಾಳದ ಬಾಯಿ ಇರುವುದು ನಾಲಿಗೆಯ ಬುಡದಲ್ಲೇ, ಬಾಯಿ ತೆರೆದರೆ ಕಾಣುವಷ್ಟು ಮುಂದೆ. ಸಿರಿಂಜಿನಿಂದಲೋ ಚಮಚದಿಂದಲೋ ಹಾಕಿದ ನೀರು ಸಲೀಸಾಗಿ ಇಳಿಯುವುದು ಅಲ್ಲಿಗೇ. ನಮ್ಮಂತೆ ಜೋರಾಗಿ ಕೆಮ್ಮಿ ಹೊರಹಾಕುವ ಶಕ್ತಿ ಅದಕ್ಕಿಲ್ಲ. ಕೆಲವು ಅಲ್ಲೇ ಸಾಯುತ್ತವೆ, ಕೆಲವು ಎರಡು ಮೂರು ದಿನ ಬಿಟ್ಟು ನ್ಯುಮೋನಿಯಾದಿಂದ. ಎರಡನೆಯ ಸಾವಿಗೆ ಕಾರಣ ಆ ಒಂದು ಚಮಚ ನೀರು ಎಂದು ಕುಡಿಸಿದವರಿಗೆ ಗೊತ್ತೂ ಆಗುವುದಿಲ್ಲ.

ಆಹಾರದ ವಿಷಯ ಇನ್ನೂ ಸೂಕ್ಷ್ಮ. ಎದೆಮೂಳೆ ಚಾಕುವಿನ ಅಲಗಿನಂತೆ ಕೈಗೆ ಹತ್ತುವಷ್ಟು ಬಡಕಲಾದ ಹದ್ದು ದಿನಗಟ್ಟಲೆ ತಿಂದಿರುವುದಿಲ್ಲ. ಅದು ತನ್ನ ಸ್ನಾಯುವನ್ನೇ ಕರಗಿಸಿಕೊಂಡು ಬದುಕಿದೆ. ಅದಕ್ಕೆ ಮುಂದೆ ಮಾಂಸ ಇಟ್ಟರೆ ಆಸೆಯಿಂದ ತಿನ್ನಲೂಬಹುದು, ಮರುದಿನ ಸಾಯಲೂಬಹುದು. ಒಮ್ಮೆಲೆ ಬಂದ ಆಹಾರವನ್ನು ಜೀರ್ಣಿಸಲು ಜೀವಕೋಶಗಳು ರಕ್ತದಲ್ಲಿ ಉಳಿದ ರಂಜಕ, ಪೊಟ್ಯಾಸಿಯಂಗಳನ್ನು ಹೀರಿಕೊಂಡುಬಿಡುತ್ತವೆ, ಹೃದಯ ನಿಲ್ಲುತ್ತದೆ. ಜೊತೆಗೆ ನೀರಿನಂಶವಿಲ್ಲದ ಕರುಳಿನಲ್ಲಿ ಮಾಂಸ ಮುಂದೆ ಸಾಗದೆ ಮೇವುಚೀಲದಲ್ಲೇ ಕೊಳೆಯುತ್ತದೆ. ತಿಳಿದವರು ಮೊದಲು ದ್ರವ ಕೊಟ್ಟು, ಆಮೇಲೆ ಸುಲಭವಾಗಿ ಜೀರ್ಣವಾಗುವ ದ್ರವರೂಪದ ಆಹಾರ, ಕೊನೆಗೆ ಎಲುಬು ರೋಮವಿಲ್ಲದ ಸಣ್ಣ ಮಾಂಸದ ಚೂರು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತಾರೆ. ಪುಷ್ಟವಾಗಿರುವ ದೊಡ್ಡ ಹಕ್ಕಿಗೆ ಒಂದು ದಿನ ಉಪವಾಸ ಏನೂ ಅಲ್ಲ; ಹೊಟ್ಟೆ ಖಾಲಿ ಇದ್ದರೆ ವೈದ್ಯರಿಗೆ ಅರಿವಳಿಕೆ ಕೊಡಲೂ ಅನುಕೂಲ. ಹಾಲು ಕೊಡಲೇಬೇಡಿ, ಅದನ್ನು ಜೀರ್ಣಿಸುವ ವ್ಯವಸ್ಥೆ ಹಕ್ಕಿಯಲ್ಲಿ ಇಲ್ಲ.

ಗಾಯಕ್ಕೆ ನೀವು ಮಾಡಬಹುದಾದದ್ದು ಕಡಿಮೆ. ರಕ್ತ ಸುರಿಯುತ್ತಿದ್ದರೆ ಶುಚಿಯಾದ ಬಟ್ಟೆಯಿಂದ ಐದು ನಿಮಿಷ ಎತ್ತಿ ನೋಡದೆ ಒತ್ತಿ ಹಿಡಿಯಿರಿ. ಉಗುರಿನ ತುದಿಯೋ ಕೊಕ್ಕಿನ ತುದಿಯೋ ಮುರಿದು ಸೋರುತ್ತಿದ್ದರೆ ಮೆಕ್ಕೆಜೋಳದ ಪಿಷ್ಟ (ಕಾರ್ನ್‌ಫ್ಲೋರ್) ಒತ್ತಬಹುದು, ತೆರೆದ ಗಾಯಕ್ಕೆ ಪುಡಿ ಬೇಡ. ಎಣ್ಣೆ, ಮುಲಾಮು ಯಾವುದನ್ನೂ ಹಚ್ಚಬೇಡಿ. ಜಿಡ್ಡು ತಾಗಿದ ಗರಿ ನೀರನ್ನೂ ಚಳಿಯನ್ನೂ ತಡೆಯುವುದಿಲ್ಲ. ಚರ್ಮದಿಂದ ಮೂಳೆ ಹೊರಬಂದಿದ್ದರೆ ಒಳಗೆ ತಳ್ಳಬೇಡಿ, ಮೂಳೆ ಒಣಗದಂತೆ ಸಲೈನ್‌ನಲ್ಲಿ ಅದ್ದಿ ಹಿಂಡಿದ ಗಾಜ್ ಬಟ್ಟೆಯನ್ನು ಮೇಲೆ ಇಡಿ. ಹಿಂಡಿದ್ದು ಎಂಬುದು ಮುಖ್ಯ. ಭುಜದಿಂದ ಮೊದಲ ಗೆಣ್ಣಿನವರೆಗಿನ ರೆಕ್ಕೆಮೂಳೆ ಬಹಳಷ್ಟು ಹಕ್ಕಿಗಳಲ್ಲಿ ಟೊಳ್ಳು, ಗಾಳಿಚೀಲಕ್ಕೆ ನೇರ ಸಂಪರ್ಕ ಹೊಂದಿದೆ. ಅಲ್ಲಿನ ಗಾಯಕ್ಕೆ ನೀರು ಸುರಿದು ತೊಳೆದರೆ ಆ ನೀರು ಉಸಿರಾಟದ ವ್ಯವಸ್ಥೆಯೊಳಗೇ ಹೋಗುತ್ತದೆ. ರೆಕ್ಕೆಯಿಂದ ಹಕ್ಕಿ ಮುಳುಗುತ್ತದೆ ಎಂದರೆ ನಂಬುವುದು ಕಷ್ಟ, ಆದರೆ ಆಗುವುದು ಅದೇ.

ದಬ್ಬೆ ಕಟ್ಟುವ ವಿಚಾರ ಕೇಳುತ್ತೀರಿ. ಕಟ್ಟಬೇಡಿ. ರೆಕ್ಕೆಯ ಮುಂಬದಿಯಲ್ಲಿ ಭುಜದಿಂದ ಮಣಿಕಟ್ಟಿಗೆ ಚಾಚಿದ ತೆಳು ಚರ್ಮವೊಂದಿದೆ. ತಪ್ಪಾಗಿ ಕಟ್ಟಿದರೆ ಅದು ಸಂಕುಚಿಸಿ ರೆಕ್ಕೆ ಮತ್ತೆಂದೂ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ಕತ್ತಲ ಪೆಟ್ಟಿಗೆಯೇ ಸಾಕಷ್ಟು ಒಳ್ಳೆಯ ದಬ್ಬೆ. ಇದರ ಇನ್ನೊಂದು ಮುಖವೂ ಇದೆ. ಹಕ್ಕಿಯ ಮೂಳೆ ನಮ್ಮದಕ್ಕಿಂತ ಬೇಗ ಕೂಡುತ್ತದೆ, ಮೂರು ನಾಲ್ಕು ವಾರದಲ್ಲಿ ಗಟ್ಟಿಯಾಗಬಹುದು. ಮನೆಯಲ್ಲಿ ಒಂದು ವಾರ 'ನೋಡೋಣ' ಎಂದು ಇಟ್ಟುಕೊಂಡರೆ ಅದು ಸೊಟ್ಟಗೆ ಕೂಡಲು ಶುರುವಾಗಿರುತ್ತದೆ, ಆಮೇಲೆ ಶಸ್ತ್ರವೈದ್ಯರಿಗೂ ಹಾರಾಟ ಮರಳಿಸುವುದು ಬಹಳ ಕಷ್ಟ.

ಗಾಯದ ಮೇಲೋ ಬಾಯಿ, ಗುದದ್ವಾರದ ಸುತ್ತವೋ ಹಳದಿ ಬಿಳಿಯ ಸಣ್ಣ ಕಾಳುಗಳ ಗೊಂಚಲು ಕಂಡರೆ ಅದು ನೊಣದ ಮೊಟ್ಟೆ. ಒಂದು ದಿನದೊಳಗೆ ಹುಳವಾಗುತ್ತದೆ. ಚಿಮಟದಿಂದಲೋ ಒಣ ಹಲ್ಲುಜ್ಜುವ ಬ್ರಷ್‌ನಿಂದಲೋ ಆದಷ್ಟು ತೆಗೆಯಿರಿ. ಇದೊಂದು ಕೆಲಸ ಕಾಯಬಾರದು.

ಗಾಳಿಪಟದ ದಾರ ಸುತ್ತಿಕೊಂಡಿದ್ದರೆ ಎಳೆಯಬೇಡಿ, ಗಾಜಿನಪುಡಿ ಲೇಪಿಸಿದ ದಾರ ಎಳೆದಾಗ ಗರಗಸವಾಗುತ್ತದೆ. ಹಕ್ಕಿಯ ಮೈಯಿಂದ ಒಂದು ಗೇಣು ಬಿಟ್ಟು ಎರಡೂ ಬದಿ ಕತ್ತರಿಸಿ, ಮೈಗೆ ಹೊಕ್ಕ ಭಾಗವನ್ನು ಹಾಗೇ ಬಿಡಿ. ಮೀನಿನ ಗಾಳಕ್ಕೂ ಇದೇ ನಿಯಮ. ಬಾಯಿಂದ ದಾರ ಇಳಿಬಿದ್ದಿದ್ದರೆ ಗಾಳ ಹೊಟ್ಟೆಯಲ್ಲಿರಬಹುದು, ದಾರವೇ ವೈದ್ಯರಿಗೆ ದಾರಿ, ಬುಡಕ್ಕೆ ಕತ್ತರಿಸಬೇಡಿ. ಮೈಗೆ ತೈಲ ಮೆತ್ತಿದ ನೀರುಹಕ್ಕಿಯನ್ನು ಮನೆಯಲ್ಲಿ ತೊಳೆಯಬೇಡಿ. ಚೇತರಿಸಿಕೊಳ್ಳುವ ಮೊದಲೇ ತೊಳೆದರೆ ತೈಲಕ್ಕಿಂತ ಸ್ನಾನವೇ ಕೊಲ್ಲುತ್ತದೆ. ವಿದ್ಯುತ್ ತಂತಿಯಲ್ಲಿ ನೇತಾಡುವ ಹಕ್ಕಿಗೆ ಕೋಲು ಹಾಕುವ ಧೈರ್ಯ ಬೇಡ, ವಿದ್ಯುತ್ ಸಂಸ್ಥೆಗೆ ಫೋನ್ ಮಾಡಿ. ಶಾಕ್ ಹೊಡೆದು ಕೆಳಗೆ ಬಿದ್ದ ಹಕ್ಕಿ ಒಂದು ಗಂಟೆಯಲ್ಲಿ ಎದ್ದು ನಿಂತು ನಿಮ್ಮನ್ನು ಬೆದರಿಸಲೂಬಹುದು. ಬಿಟ್ಟುಬಿಡುವ ಮನಸ್ಸಾಗುತ್ತದೆ. ಕಾಲಿನಲ್ಲೋ ರೆಕ್ಕೆಯಲ್ಲೋ ಸಣ್ಣ ಸುಟ್ಟ ಕಲೆ, ಸುಟ್ಟ ಗರಿಯ ವಾಸನೆ ಇದ್ದರೆ ಬಿಡಬೇಡಿ. ರಕ್ತನಾಳಗಳು ಒಳಗೆ ಸುಟ್ಟಿರುತ್ತವೆ, ಕೆಲವು ದಿನ ಕಳೆದ ಮೇಲೆ ಆ ಭಾಗ ಒಣಗಿ ಕಪ್ಪಾಗುತ್ತದೆ.

ಮನುಷ್ಯರ ನೋವಿನ ಮಾತ್ರೆಯ ಬಗ್ಗೆ ಒಂದೇ ಉದಾಹರಣೆ ಸಾಕು. 1990ರ ದಶಕದಿಂದ ದಕ್ಷಿಣ ಏಷ್ಯಾದ ಜಿಪ್ಸ್ ಕುಲದ ರಣಹದ್ದುಗಳ ಸಂಖ್ಯೆ ಶೇ. 95ಕ್ಕೂ ಹೆಚ್ಚು ಕುಸಿಯಿತು. ಕಾರಣ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ ಎಂದು 2004ರಲ್ಲಿ ಗೊತ್ತಾಯಿತು. ಆ ಔಷಧ ಪಡೆದು ಸತ್ತ ದನದ ಮಾಂಸ ತಿಂದ ರಣಹದ್ದುಗಳ ಮೂತ್ರಪಿಂಡ ಕೆಲವೇ ದಿನದಲ್ಲಿ ಕೆಟ್ಟುಹೋಗುತ್ತಿತ್ತು. ಮಾಂಸದಲ್ಲಿ ಉಳಿದ ಅಂಶವೇ ಅಷ್ಟು ಮಾಡಿದರೆ ಅರ್ಧ ಮಾತ್ರೆ ಏನು ಮಾಡೀತು ಎಂದು ಯೋಚಿಸಿ.

ಒಯ್ಯುವಾಗ ಪೆಟ್ಟಿಗೆ ವಾಹನದ ಡಿಕ್ಕಿಯಲ್ಲಿ ಬೇಡ, ಸೀಟಿನ ಕೆಳಗೋ ಬೆಲ್ಟ್ ಬಿಗಿದ ಸೀಟಿನ ಮೇಲೋ ಇರಲಿ. ಹಾಡು ಬೇಡ. ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸಿ: ಎಲ್ಲಿ ಸಿಕ್ಕಿತು (ಫೋನಿನ ನಕ್ಷೆಯಲ್ಲಿ ಸಿಗುವ ನಿಖರ ಜಾಗ), ಎಷ್ಟು ಹೊತ್ತಿಗೆ, ಹತ್ತಿರ ಏನಿತ್ತು, ತಂತಿಯೋ ರಸ್ತೆಯೋ ಗಾಜಿನ ಗೋಡೆಯೋ, ನೀವು ಏನೇನು ಮಾಡಿದಿರಿ. ನೀರು ಕುಡಿಸಿದ್ದರೆ ನಾಚಿಕೊಳ್ಳದೆ ಅದನ್ನೂ ಬರೆಯಿರಿ. ಜಾಗ ಯಾಕೆ ಮುಖ್ಯವೆಂದರೆ ಗುಣವಾದ ಹಕ್ಕಿಯನ್ನು ಅಲ್ಲೇ ಬಿಡಬೇಕು. ಅದರ ಜೋಡಿ, ಗೂಡು, ಬೇಟೆಯ ನೆಲ ಎಲ್ಲ ಅಲ್ಲಿದೆ.

ಸಭೆಯಿಂದ ಬಂದ ಮೂರು ಪ್ರಶ್ನೆಗಳನ್ನು ಇಲ್ಲೇ ಸೇರಿಸಿದ್ದೇವೆ.

ನಾಳೆಯವರೆಗೆ ಯಾರೂ ಸಿಗುವುದಿಲ್ಲ ಎಂದಾದರೆ? ಪೆಟ್ಟಿಗೆಯಲ್ಲೇ ಇರಲಿ. ಒಂದು ರಾತ್ರಿ ಅದಕ್ಕೆ ಉದ್ದವಲ್ಲ. ಇಪ್ಪತ್ತನಾಲ್ಕು ಗಂಟೆ ದಾಟುವ ಹಾಗಿದ್ದು, ಹಕ್ಕಿ ತಲೆ ಎತ್ತಿ ನಿಂತು ಚುರುಕಾಗಿದ್ದರೆ, ಮಗುಚದ ಭಾರದ ತಟ್ಟೆಯಲ್ಲಿ ಎರಡು ಬೆರಳು ಆಳದ ನೀರು ಇಡಬಹುದು, ಕುಡಿಯುವುದು ಬಿಡುವುದು ಅದಕ್ಕೆ ಬಿಟ್ಟದ್ದು. ಆಹಾರ ಮಾತ್ರ ಫೋನಿನಲ್ಲಿ ತಿಳಿದವರು ಹೇಳಿದ್ದನ್ನು, ಹೇಳಿದಷ್ಟೇ. ಹಿಕ್ಕೆಯ ಬಣ್ಣ ಗಮನಿಸಿ. ಕಡುಹಸಿರು ಇದ್ದರೆ ಬಹಳ ದಿನ ತಿಂದಿಲ್ಲ ಎಂದೋ ಸೀಸದ ವಿಷ ಎಂದೋ ವೈದ್ಯರು ಅನುಮಾನಿಸುತ್ತಾರೆ.

ಗಾಜಿಗೆ ಬಡಿದ ಗೂಬೆ ಸಂಜೆಗೆ ಚುರುಕಾಯಿತು, ಬಿಡಬಹುದೇ? ಅದರ ಎರಡೂ ಕಣ್ಣು ಯಾರಾದರೂ ಉಪಕರಣ ಹಿಡಿದು ನೋಡುವವರೆಗೆ ಬೇಡ. ಗೂಬೆಯ ಕಣ್ಣು ತಲೆಬುರುಡೆಯ ದೊಡ್ಡ ಭಾಗ ತುಂಬಿರುತ್ತದೆ. ಡಿಕ್ಕಿಯಲ್ಲಿ ಹೊರಗೆ ಏನೂ ಕಾಣದೆ ಒಳಗೆ ರಕ್ತಸ್ರಾವವಾಗಿರುತ್ತದೆ. ಕೋಣೆಯೊಳಗೆ ಹಾರಿಸಿ ಪರೀಕ್ಷೆ ಮಾಡುವುದೂ ಬೇಡ, ಇನ್ನೊಂದು ಡಿಕ್ಕಿ ಆಗುತ್ತದೆ.

ಮರಿಯಾದರೆ ಸಾಕಿ, ದೊಡ್ಡದಾದ ಮೇಲೆ ಬಿಟ್ಟರಾಗದೇ? ಬರೀ ಕತ್ತರಿಸಿದ ಮಾಂಸ ತಿಂದ ಹದ್ದಿನಮರಿಗೆ ಸುಣ್ಣದಂಶ ಸಿಗದೆ ಕಾಲಮೂಳೆ ಬಾಗುತ್ತದೆ, ಅದಕ್ಕೆ ಎರಡು ವಾರ ಸಾಕು. ಅದಕ್ಕೂ ದೊಡ್ಡ ತೊಂದರೆ, ಕಣ್ಣು ಬಿಟ್ಟಾಗ ಕಂಡವರನ್ನೇ ಮರಿ ತನ್ನ ಕುಲ ಎಂದು ತಿಳಿಯುವುದು. ದೊಡ್ಡದಾದ ಮೇಲೆ ಅದು ಜನರ ಹೆಗಲ ಮೇಲೆ ಇಳಿಯುತ್ತದೆ, ಜನ ಹೆದರಿ ಹೊಡೆಯುತ್ತಾರೆ. ಕೇಂದ್ರಗಳಲ್ಲಿ ಮುಖ ಮುಚ್ಚಿಕೊಂಡು, ಹಕ್ಕಿಯ ಆಕಾರದ ಕೈಗೊಂಬೆಯಿಂದ ಉಣಿಸುವುದು ಇದಕ್ಕೇ.

ಹಕ್ಕಿಯನ್ನು ಒಪ್ಪಿಸಿ ಬಂದ ಮೇಲೆ ರಟ್ಟನ್ನು ಮತ್ತೆ ಬಳಸದೆ ಎಸೆಯಿರಿ. ಬಟ್ಟೆಗಳನ್ನು ಬೇರೆಯಾಗಿ ಬಿಸಿನೀರಿನಲ್ಲಿ ಒಗೆಯಿರಿ. ಹಿಕ್ಕೆ ಬಿದ್ದ ನೆಲವನ್ನು ಒಣಗಿಸಿ ಗುಡಿಸಬೇಡಿ, ಧೂಳು ಮೂಗಿಗೆ ಹೋಗುತ್ತದೆ. ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ, ಹತ್ತು ನಿಮಿಷ ನೆನೆಯಬಿಟ್ಟು ಒರೆಸಿ. ಹಕ್ಕಿಯ ಗರಿಯಿಂದ ಚಪ್ಪಟೆ ನೊಣವೊಂದು ನಿಮ್ಮ ತಲೆಗೂದಲಿಗೆ ಬಂದಿರಬಹುದು, ಅದರಿಂದ ಗಾಬರಿ ಬೇಡ, ತೆಗೆದುಹಾಕಿ. ಮನೆಯಲ್ಲಿ ಕೋಳಿ, ಗಿಳಿ, ಪಾರಿವಾಳ ಸಾಕಿದ್ದರೆ ಸ್ನಾನ ಮಾಡಿ, ಬಟ್ಟೆ, ಚಪ್ಪಲಿ ಬದಲಿಸುವವರೆಗೆ ಅವುಗಳ ಹತ್ತಿರ ಹೋಗಬೇಡಿ.